ಹಸಿರುಮನೆಯ ಹೈಡ್ರೋಪೋನಿಕ್ ಟೊಮೆಟೊ ಮತ್ತು ವಿದ್ಯುತ್ ಉಳಿತಾಯ: ಹಾಸನ, ಚಿಕ್ಕಮಗಳೂರು ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂ ಜಿಲ್ಲೆಗಳ ಬೆಳೆಗಾರರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಸರಳವಾದುವುಗಳಿಂದ ಜಟಿಲವಾದುವುಗಳ ಕಡೆಗೆ ಜೋಡಿಸಲಾಗಿದೆ. ಬೇರೆ ಅಳತೆಯನ್ನು ಹೇಳದಿದ್ದ ಕಡೆ ಲೆಕ್ಕವೆಲ್ಲ 10 ಗುಂಟೆಯ, ಅಂದರೆ ಸುಮಾರು 1000 ಚದರ ಮೀಟರಿನ, 2500 ಗಿಡಗಳಿರುವ ಪಾಲಿಹೌಸಿನದು.

## ಮೊದಲ ಪ್ರಶ್ನೆಗಳು

ಮಣ್ಣಿಲ್ಲದೆ ಟೊಮೆಟೊ ಬೆಳೆಯುವುದಕ್ಕೆ ಕರೆಂಟು ತುಂಬಾ ಬೇಕಂತೆ, ಅದೆಲ್ಲ ಎಲ್ಲಿ ಖರ್ಚಾಗುತ್ತದೆ?

ಬಹುಪಾಲು ಜನ ಪಂಪಿನತ್ತ ಬೆರಳು ತೋರಿಸುತ್ತಾರೆ. ಆದರೆ ಲೆಕ್ಕ ಹಾಕಿದರೆ ಗಿಡಕ್ಕೆ ನೀರುಣಿಸುವ ಪಂಪಿನ ಪಾಲು ತೀರಾ ಸಣ್ಣದು. 2500 ಗಿಡಗಳಿಗೆ ಬಿಸಿಲಿನ ದಿನ ತಲಾ ಎರಡು ಲೀಟರಿನಂತೆ 5000 ಲೀಟರ್ ಪೋಷಕ ದ್ರಾವಣ ಬೇಕೆಂದುಕೊಳ್ಳೋಣ. ಗಂಟೆಗೆ 4000 ಲೀಟರ್ ಹರಿಸುವ ಒಂದು ಎಚ್‌ಪಿ ಪಂಪು ಅಷ್ಟನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸುತ್ತದೆ, ಖರ್ಚು ಒಂದೂವರೆ ಯೂನಿಟ್ ದಾಟುವುದಿಲ್ಲ. ಅದೇ ನೀರನ್ನು 150 ಮೀಟರ್ ಆಳದ ಕೊಳವೆಬಾವಿಯಿಂದ ಮೇಲೆತ್ತಲು ನಾಲ್ಕೈದು ಯೂನಿಟ್ ಬೇಕು. ಇನ್ನು ಫ್ಯಾನ್ ಮತ್ತು ಪ್ಯಾಡ್ (ಒಳಬರುವ ಗಾಳಿಯನ್ನು ತಂಪು ಮಾಡುವ ಒದ್ದೆ ಹಲಗೆ) ಇರುವ ಮನೆಯಾದರೆ, ನಿಮಿಷಕ್ಕೊಮ್ಮೆ ಒಳಗಿನ ಗಾಳಿಯೆಲ್ಲ ಬದಲಾಗಲು ಸುಮಾರು ಆರು ದೊಡ್ಡ ಫ್ಯಾನುಗಳು ಬೇಕಾಗುತ್ತವೆ, ತಲಾ 1.1 ಕಿಲೋವ್ಯಾಟಿನ ಆ ಫ್ಯಾನುಗಳು ದಿನಕ್ಕೆ ಎಂಟು ಗಂಟೆ ಓಡಿದರೆ 53 ಯೂನಿಟ್. ಹಾಗಾಗಿ ನಮ್ಮಲ್ಲಿ ಉಳಿತಾಯದ ಮಾತು ಮೊದಲು ಗಾಳಿಯದು, ಆಮೇಲೆ ಕೊಳವೆಬಾವಿಯದು, ಡ್ರಿಪ್ ಪಂಪಿನದು ಕೊನೆಗೆ.

ಹಾಲೆಂಡಿನಲ್ಲಿ ಹಸಿರುಮನೆಯನ್ನು ಬಿಸಿ ಮಾಡುತ್ತಾರೆ. ನಮ್ಮ ಚಿಕ್ಕಮಗಳೂರಿನ ಚಳಿಗೂ ಹೀಟರ್ ಹಾಕಿಸಬೇಕೇ?

ಬೇಡ. ವಿದೇಶದ ಪುಸ್ತಕಗಳಲ್ಲಿ ಶಕ್ತಿಯ ಉಳಿತಾಯವೆಂದರೆ ಮುಖ್ಯವಾಗಿ ಶಾಖದ ಉಳಿತಾಯ. ಅಲ್ಲಿನ ಚಳಿಗಾಲಕ್ಕೆ ಅದು ಸರಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್, ಚಿಕ್ಕಮಗಳೂರು 1000 ಮೀಟರಿಗಿಂತ ಎತ್ತರದಲ್ಲಿದ್ದರೂ ಧನುರ್ಮಾಸದ ರಾತ್ರಿಗಳ ಉಷ್ಣಾಂಶ ಸಾಮಾನ್ಯವಾಗಿ 12ರಿಂದ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಟೊಮೆಟೊಗೆ ರಾತ್ರಿ 16ರಿಂದ 18 ಡಿಗ್ರಿ ಹಿತ, 10ಕ್ಕಿಂತ ಕೆಳಗಿಳಿದರೆ ಕಾಯಿಕಟ್ಟುವುದು ಕೆಡುತ್ತದೆ. ನಡುವಿನ ಅಂತರವನ್ನು ಹೀಟರಿಲ್ಲದೆ ತುಂಬಬಹುದು. ಒಂದು ಪದರದ ಪಾಲಿಥೀನ್ ಮೂಲಕ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರಿಗೆ ಸುಮಾರು 6 ವ್ಯಾಟ್ ಶಾಖ ಸೋರುತ್ತದೆ. ಸೂರು, ಗೋಡೆ ಸೇರಿ 1500 ಚದರ ಮೀಟರ್ ಹೊದಿಕೆಯಿರುವ ಮನೆಯನ್ನು ಐದು ಡಿಗ್ರಿ ಮಾತ್ರ ಬೆಚ್ಚಗಿಡಲು 45 ಕಿಲೋವ್ಯಾಟ್, ಹತ್ತು ಗಂಟೆಯ ಒಂದು ರಾತ್ರಿಗೆ 450 ಯೂನಿಟ್ ಬೇಕಾಗುತ್ತದೆ. ಅದರ ಬದಲು ಚಳಿಗಾಲದ ಸಂಜೆ ನಾಲ್ಕೂವರೆಯಿಂದ ಐದರೊಳಗೆ ಪಕ್ಕದ ಪರದೆಗಳನ್ನು ಇಳಿಸಿ ಹಗಲಿನ ಬಿಸಿಯನ್ನು ಒಳಗೇ ಹಿಡಿಯಿರಿ. ಹೊದಿಕೆ ಬದಲಾಯಿಸುವ ಕಾಲ ಬಂದಾಗ ಶಾಖವನ್ನು ತಡೆಹಿಡಿಯುವ ಗುಣವಿರುವ 200 ಮೈಕ್ರಾನ್ ಹಾಳೆಯನ್ನು ಆರಿಸಿಕೊಳ್ಳಿ.

ಫ್ಯಾನ್-ಪ್ಯಾಡ್ ಇರುವ ಮನೆ ಕಟ್ಟಿಸಲೇ, ಸಹಜವಾಗಿ ಗಾಳಿಯಾಡುವ ಪಾಲಿಹೌಸ್ ಸಾಕೇ?

ಉಳಿತಾಯದ ಮುಕ್ಕಾಲು ಪಾಲು ಈ ಒಂದು ನಿರ್ಧಾರದಲ್ಲೇ ಅಡಗಿದೆ. ಆಮೇಲೆ ಎಷ್ಟು ಜಾಗರೂಕತೆಯಿಂದ ನಡೆಸಿದರೂ ಇಲ್ಲಿ ತಪ್ಪಿದ್ದನ್ನು ಪೂರ್ತಿ ಸರಿಪಡಿಸಲಾಗದು.

ಒದ್ದೆ ಪ್ಯಾಡಿನ ಮೂಲಕ ಬರುವ ಗಾಳಿ ಎಷ್ಟು ತಣ್ಣಗಾಗುತ್ತದೆ ಎಂಬುದು ಹೊರಗಿನ ಗಾಳಿ ಎಷ್ಟು ಒಣಗಿದೆ ಎಂಬುದನ್ನು ಅವಲಂಬಿಸಿದೆ. ಅರಸೀಕೆರೆ ಅಥವಾ ಕಡೂರಿನ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲು, ಶೇ 30ರಷ್ಟು ತೇವಾಂಶ ಇದ್ದರೆ ಒಳ್ಳೆಯ ಪ್ಯಾಡು ಒಳಬರುವ ಗಾಳಿಯನ್ನು 25 ಡಿಗ್ರಿಯವರೆಗೂ ಇಳಿಸಬಲ್ಲದು. ಸಕಲೇಶಪುರ ಅಥವಾ ಮೂಡಿಗೆರೆಯ ಜುಲೈ ತಿಂಗಳಲ್ಲಿ 24 ಡಿಗ್ರಿ, ಶೇ 90ರಷ್ಟು ತೇವಾಂಶವಿರುವಾಗ ಅದೇ ಪ್ಯಾಡು ಹೆಚ್ಚೆಂದರೆ ಒಂದು ಡಿಗ್ರಿ ಇಳಿಸಿ, ಜೊತೆಗೆ ರೋಗಕ್ಕೆ ಬೇಕಾದ ತೇವವನ್ನೂ ಉಣಿಸುತ್ತದೆ. ಬಯಲುಸೀಮೆಯ ತಾಲ್ಲೂಕುಗಳಲ್ಲೂ ಪ್ಯಾಡು ನಿಜವಾಗಿ ಉಪಯೋಗಕ್ಕೆ ಬರುವುದು ಮಾರ್ಚ್‌ನಿಂದ ಮೇ ತಿಂಗಳ ನಡುವೆ ಮಾತ್ರ. ಆ ಕೆಲವು ವಾರಗಳಿಗಾಗಿ ಮನೆಯನ್ನು ಮುಚ್ಚಿಬಿಟ್ಟರೆ ಉಳಿದ ತಿಂಗಳುಗಳಲ್ಲಿ ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ಫ್ಯಾನ್ ಓಡಿಸಲೇಬೇಕಾಗುತ್ತದೆ.

ಆದ್ದರಿಂದ ಎರಡೂ ಜಿಲ್ಲೆಗಳಲ್ಲಿ ಟೊಮೆಟೊಗೆ ಸಹಜವಾಗಿ ಗಾಳಿಯಾಡುವ, ಎತ್ತರದ ಪಾಲಿಹೌಸೇ ಲೇಸು ಎಂಬುದು ನನ್ನ ಅಭಿಪ್ರಾಯ. ದೋಣಿಯ, ಅಂದರೆ ಸೂರಿನ ಅಂಚಿನಲ್ಲಿ ಮಳೆನೀರು ಹರಿಯುವ ಕಾಲುವೆಯ, ಮಟ್ಟ ನೆಲದಿಂದ ಕನಿಷ್ಠ 4 ಮೀಟರ್, ನೆತ್ತಿ ಆರೂವರೆ ಮೀಟರ್ ಇರಲಿ. ಬಿಸಿಗಾಳಿ ಗಿಡದ ತುದಿಯಿಂದ ಮೇಲಕ್ಕೆ ಹೋಗಿ ನೆತ್ತಿಯ ಕಿಂಡಿಯಿಂದ ಹೊರಬೀಳುತ್ತದೆ. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ನೆತ್ತಿಯ ಕಿಂಡಿ ಪೂರ್ವದ ಕಡೆಗೆ ತೆರೆದಿರುವುದು ಮೇಲು: ಮಳೆ ಒಳಗೆ ಎರಚುವುದಿಲ್ಲ, ಬೀಸುವ ಗಾಳಿಯೇ ಒಳಗಿನ ಬಿಸಿಯನ್ನು ಹೊರಕ್ಕೆ ಎಳೆಯುತ್ತದೆ.

ಪಂಪ್‌ಸೆಟ್ಟಿಗೆ ಕರೆಂಟು ಉಚಿತವಿರುವಾಗ ನಾವು ಉಳಿಸಿ ಏನು ಲಾಭ?

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ ಎಂಬುದು ನಿಜ. ಆದರೆ ಆ ಸೌಲಭ್ಯವಿರುವುದು ನೀರೆತ್ತುವ ಪಂಪಿಗೆ. ಪಾಲಿಹೌಸಿನ ಫ್ಯಾನು, ದೀಪ, ನಿಯಂತ್ರಣ ಪೆಟ್ಟಿಗೆಗಳಿಗೆ ಯಾವ ವರ್ಗದ ಸಂಪರ್ಕ ಬೇಕು, ದರವೇನು ಎಂಬುದನ್ನು ಹಾಸನದವರು ಚಾಮುಂಡೇಶ್ವರಿ ವಿದ್ಯುತ್ ನಿಗಮದ, ಚಿಕ್ಕಮಗಳೂರಿನವರು ಮೆಸ್ಕಾಂನ ಉಪವಿಭಾಗ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಕ್ಷೇಮ. ಅಲ್ಲದೆ ಉಚಿತ ವಿದ್ಯುತ್ತು ದಿನವಿಡೀ ಬರುವುದಿಲ್ಲ. ತ್ರೀ ಫೇಸ್ ಇರುವ ಕೆಲವೇ ಗಂಟೆಗಳಿಗೆ ಹೊಂದಿಕೊಳ್ಳದ ತೋಟ ಉಳಿದ ಹೊತ್ತು ಜನರೇಟರಿನ ಮೇಲೆ ನಿಲ್ಲುತ್ತದೆ. ಒಂದು ಲೀಟರ್ ಡೀಸೆಲ್‌ನಿಂದ ಸಣ್ಣ ಜನರೇಟರು ಕೊಡುವುದು ಸುಮಾರು ಮೂರು ಯೂನಿಟ್. ಡೀಸೆಲ್ 90 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್ಟಿಗೆ 30 ರೂಪಾಯಿ ಬೀಳುತ್ತದೆ.

## ಗಾಳಿ, ಬಿಸಿಲು, ತೇವ

ಬಿಳಿನೊಣಕ್ಕೆಂದು ಸಣ್ಣ ಕಣ್ಣಿನ ಪರದೆ ಹಾಕಿದ ಮೇಲೆ ಒಳಗೆ ಬೇಗೆ ಹೆಚ್ಚಾಗಿದೆ. ಪರದೆ ತೆಗೆದುಬಿಡಲೇ?

ತೆಗೆಯಬೇಡಿ. ಬಿಳಿನೊಣ ಹೊತ್ತು ತರುವ ಎಲೆಮುಟುರು ರೋಗದಿಂದ ಆಗುವ ನಷ್ಟದ ಮುಂದೆ ಒಂದೆರಡು ಡಿಗ್ರಿ ಬಿಸಿ ಏನೂ ಅಲ್ಲ. ಪರದೆಯ ಕಣ್ಣು ಚಿಕ್ಕದಾದಷ್ಟೂ ಗಾಳಿ ತಡೆಯುತ್ತದೆ, ಆ ಕೊರತೆಯನ್ನು ಪರದೆಯ ವಿಸ್ತಾರ ಹೆಚ್ಚಿಸಿ ತುಂಬಬೇಕು. ಪಕ್ಕದ ಪರದೆಯನ್ನು ಸೊಂಟದೆತ್ತರಕ್ಕೆ ನಿಲ್ಲಿಸದೆ ದೋಣಿಯವರೆಗೂ ಎತ್ತಿದರೆ, ಬಾಗಿಲ ಬಳಿ ಎರಡು ಬಾಗಿಲಿನ ಕೋಣೆ ಮಾಡುವಾಗ ಅದರ ಗೋಡೆಯನ್ನೂ ಪರದೆಯಿಂದಲೇ ಕಟ್ಟಿದರೆ ಗಾಳಿಗೆ ದಾರಿ ಸಿಗುತ್ತದೆ. ರಸ್ತೆಬದಿಯ ಧೂಳು ಮೆತ್ತಿದ ಪರದೆಯನ್ನು ಬೇಸಿಗೆಗೆ ಮುಂಚೆ ನೀರು ಹೊಡೆದು ತೊಳೆಯುವುದು ಯಾವ ಖರ್ಚೂ ಇಲ್ಲದ ಕೆಲಸ, ಆದರೂ ಹೆಚ್ಚಿನವರು ಮರೆಯುವ ಕೆಲಸ.

ನೆರಳುಪರದೆಯನ್ನು ವರ್ಷವಿಡೀ ಬಿಟ್ಟರೆ ತಂಪಿರುತ್ತದಲ್ಲವೇ?

ತಂಪಿರುತ್ತದೆ, ಹಣ್ಣು ಇರುವುದಿಲ್ಲ. ಬೆಳಕು ಶೇ 1ರಷ್ಟು ಕಡಿಮೆಯಾದರೆ ಇಳುವರಿಯೂ ಸುಮಾರು ಶೇ 1ರಷ್ಟು ಇಳಿಯುತ್ತದೆ ಎಂಬುದು ಹಸಿರುಮನೆ ಬೆಳೆಗಾರರು ಒಪ್ಪಿಕೊಂಡ ಒರಟು ಲೆಕ್ಕ. ಬೇಸಿಗೆಯ ತಿಂಗಳುಗಳಲ್ಲಿ ಬೆಳಗಿನ ಹನ್ನೊಂದರಿಂದ ಮಧ್ಯಾಹ್ನದ ಮೂರರವರೆಗೆ ಎಳೆದು, ಉಳಿದ ಹೊತ್ತು ಸರಿಸಿಡುವಂತಹ ಪರದೆ ಬೇಕು. ಕೈಯಿಂದ ಎಳೆಯುವ ಹಗ್ಗ-ರಾಟೆ ಸಾಕು, ಮೋಟಾರು ಅಗತ್ಯವಿಲ್ಲ.

ಫ್ಯಾನುಗಳನ್ನು ಈಗಾಗಲೇ ಹಾಕಿಸಿಬಿಟ್ಟಿದ್ದೇನೆ. ಬಿಲ್ಲು ಇಳಿಸುವ ದಾರಿ ಇದೆಯೇ?

ಇದೆ. ಫ್ಯಾನಿನ ವೇಗಕ್ಕೂ ಅದು ಎಳೆಯುವ ವಿದ್ಯುತ್ತಿಗೂ ಇರುವ ಸಂಬಂಧ ಮೂರನೇ ಘಾತದ್ದು: ವೇಗವನ್ನು ಶೇ 80ಕ್ಕೆ ಇಳಿಸಿದರೆ ವಿದ್ಯುತ್ತು ಶೇ 51ಕ್ಕೆ ಇಳಿಯುತ್ತದೆ. ಆರು ಫ್ಯಾನುಗಳಲ್ಲಿ ನಾಲ್ಕನ್ನು ಪೂರ್ಣ ವೇಗದಲ್ಲಿ ಓಡಿಸುವ ಬದಲು ಆರನ್ನೂ ಮೂರನೇ ಎರಡು ವೇಗದಲ್ಲಿ ಓಡಿಸಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ವಿದ್ಯುತ್ತು ಮಾತ್ರ ಅದರ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ. ಇದಕ್ಕೆ ಬೇಕಾದ ವೇಗ ನಿಯಂತ್ರಕ, ಅಂದರೆ ಪೇಟೆಯಲ್ಲಿ ವಿಎಫ್‌ಡಿ ಎಂದು ಕೇಳಿದರೆ ಸಿಗುವ ಸಾಧನವನ್ನು ಎಲ್ಲ ಫ್ಯಾನುಗಳಿಗೂ ಸೇರಿಸಿ ಒಂದನ್ನೇ ಹಾಕಬಹುದು, ಮೋಟಾರುಗಳು ತ್ರೀ ಫೇಸಿನವಾಗಿರಬೇಕು ಅಷ್ಟೆ.

ಅದಕ್ಕೆ ಹಣ ಹಾಕುವ ಮುನ್ನ ಥರ್ಮೋಸ್ಟಾಟಿನ ಕಡೆ ಒಮ್ಮೆ ನೋಡಿ. ಅದು ಬಿಸಿಲಿಗೆ ನೇರವಾಗಿ ಒಡ್ಡಿಕೊಂಡಿದ್ದರೆ ಗಾಳಿಯ ಉಷ್ಣಾಂಶದ ಬದಲು ತನ್ನ ಪೆಟ್ಟಿಗೆಯ ಉಷ್ಣಾಂಶವನ್ನು ಅಳೆಯುತ್ತಿರುತ್ತದೆ. ನೆರಳಿನ ಗೂಡಿನೊಳಗೆ, ಗಿಡದ ತುದಿಯ ಎತ್ತರದಲ್ಲಿ ತೂಗುಹಾಕಬೇಕು. ಎಲ್ಲ ಫ್ಯಾನುಗಳೂ 26 ಡಿಗ್ರಿಗೆ ಒಟ್ಟಿಗೆ ಹೊರಡುವಂತೆ ಇಡದೆ ಎರಡು 28ಕ್ಕೆ, ಇನ್ನೆರಡು 30ಕ್ಕೆ, ಕೊನೆಯವು 31ಕ್ಕೆ ಹೊರಡಲಿ. ಹಣ್ಣಿನ ಕೆಂಪು ಬಣ್ಣ ಕುಂದಲು, ಪರಾಗ ಸೊರಗಲು ಆರಂಭವಾಗುವುದು 32 ಡಿಗ್ರಿಯ ಆಸುಪಾಸಿನಲ್ಲಿ; ಅದಕ್ಕಿಂತ ಬಹಳ ಮುಂಚೆ ತಂಪುಮಾಡಿ ಲಾಭವಿಲ್ಲ. ಸಡಿಲವಾದ ಬೆಲ್ಟು, ಪೂರ್ತಿ ತೆರೆಯದ ಶಟರು, ಸುಣ್ಣಗಟ್ಟಿದ ಪ್ಯಾಡು ಇವೆಲ್ಲ ಅದೇ ವಿದ್ಯುತ್ತಿಗೆ ಕಡಿಮೆ ಗಾಳಿ ಕೊಡುತ್ತವೆ.

ಆರಿದ್ರಾ, ಪುನರ್ವಸು ಮಳೆಯಲ್ಲಿ ಒಳಗೆಲ್ಲ ಹನಿ ಕಟ್ಟುತ್ತದೆ. ತೇವ ಹೀರುವ ಯಂತ್ರ ತರಬೇಕೇ?

ಮಲೆನಾಡಿನ ಅಂಚಿನಲ್ಲಿ ಇದು ನಿಜವಾದ ತೊಂದರೆ, ಏಕೆಂದರೆ 15ರಿಂದ 20 ಡಿಗ್ರಿಯ ತಂಪಿನಲ್ಲಿ ಎಲೆ ಒದ್ದೆಯಾಗಿಯೇ ಉಳಿದರೆ ಅಂಗಮಾರಿ ಬರುತ್ತದೆ. ಆದರೆ ಗಾಳಿಯಾಡುವ ಮನೆಯಲ್ಲಿ ತೇವ ಹೀರುವ ಯಂತ್ರವಿಟ್ಟರೆ ಅದು ಹೊರಗಿನ ಮಳೆಗಾಲವನ್ನೇ ಒಣಗಿಸಲು ಹೊರಟಂತಾಗುತ್ತದೆ. ತೇವಾಂಶವನ್ನು ಇಳಿಸುವುದಕ್ಕಿಂತ ಎಲೆಯ ಮೇಲ್ಮೈಯನ್ನು ಒಣಗಿಸಿಡುವುದೇ ನಮ್ಮ ಗುರಿಯಾಗಬೇಕು. ಹಣ್ಣು ಕೊಯ್ದ ಗೊಂಚಲಿನ ಕೆಳಗಿನ ಎಲೆಗಳನ್ನೆಲ್ಲ ತೆಗೆಯುವುದು, ಸಾಲುಗಳ ಅಂತರ ಕಿರಿದು ಮಾಡದಿರುವುದು, ಚೆಲ್ಲಿದ ದ್ರಾವಣ ನೆಲದಲ್ಲಿ ನಿಲ್ಲದಂತೆ ಹರಿಸುವುದು ಮೊದಲ ಕೆಲಸ. ನೂರು ವ್ಯಾಟಿನೊಳಗಿನ ನಾಲ್ಕಾರು ಸಣ್ಣ ಫ್ಯಾನುಗಳನ್ನು ಗಾಳಿ ಒಂದೇ ದಿಕ್ಕಿನಲ್ಲಿ ಸುತ್ತುವಂತೆ ತೂಗುಹಾಕಿ, ಮುಂಜಾವಿನಿಂದ ಎಲೆ ಒಣಗುವ ತನಕ ಓಡಿಸಿದರೆ ದಿನಕ್ಕೆ ಒಂದೆರಡು ಯೂನಿಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ಚಳಿಗಾಲದಲ್ಲೂ ಸಂಜೆ ಇಳಿಸಿದ ಪರದೆಯನ್ನು ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಗೇಣಾದರೂ ಎತ್ತಬೇಕು. ಇಲ್ಲವಾದರೆ ತಣ್ಣಗಿರುವ ಹಣ್ಣಿನ ಮೇಲೆ ಬೆವರು ಕಟ್ಟುತ್ತದೆ.

## ನೀರು ಮತ್ತು ದ್ರಾವಣ

ಕೊಳವೆಯಲ್ಲಿ ದ್ರಾವಣ ಹರಿಸುವ ಎನ್‌ಎಫ್‌ಟಿ ಒಳ್ಳೆಯದೋ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಚೀಲವೋ?

ಸೊಪ್ಪಿಗೆ ಎನ್‌ಎಫ್‌ಟಿ ಚೆಂದ, ಟೊಮೆಟೊಗೆ ಕೊಕೊಪೀಟ್. ಹರಿಯುವ ದ್ರಾವಣದ ಪದ್ಧತಿಯಲ್ಲಿ ಪಂಪು ಹಗಲಿಡೀ ಓಡಬೇಕು. ಸುಡುಬಿಸಿಲಿನಲ್ಲಿ ಕರೆಂಟು ಹೋದರೆ ಗಂಟೆಯೊಳಗೆ ಗಿಡ ಬಾಡತೊಡಗುತ್ತದೆ, ಆದ್ದರಿಂದ ಜನರೇಟರೂ ಕಡ್ಡಾಯ. ಟೊಮೆಟೊದ ದಪ್ಪ ಬೇರು ಕೊಳವೆಯನ್ನು ಕಟ್ಟಿಹಾಕುವುದು ಬೇರೆ ತಲೆನೋವು. ಕೊಕೊಪೀಟ್ ತುಂಬಿದ ಚೀಲ ಹಲವು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಂಪು ನಿಮಿಷಗಳ ಲೆಕ್ಕದಲ್ಲಿ ಓಡಿದರೆ ಸಾಕು, ಕರೆಂಟು ಕೆಲವು ಗಂಟೆ ಹೋದರೂ ಗಿಡ ತಡೆದುಕೊಳ್ಳುತ್ತದೆ. ತೆಂಗಿನ ಸೀಮೆಯಾದ ಅರಸೀಕೆರೆಯ ಸುತ್ತ ನಾರಿನ ಉದ್ಯಮವಿರುವುದರಿಂದ ಸರಕು ದೂರದಿಂದ ಬರಬೇಕಿಲ್ಲ. ಆದರೆ ತೊಳೆಯದ ಪುಡಿಯಲ್ಲಿ ಸೋಡಿಯಂ, ಪೊಟ್ಯಾಷಿಯಂ ಉಪ್ಪು ಹೆಚ್ಚಿರುತ್ತದೆ. ಸಿಹಿನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ನೆನೆಸಿದ ಮೇಲೆಯೇ ಬಳಸಬೇಕು.

ದಿನಕ್ಕೆ ಎಷ್ಟು ಸಲ ಡ್ರಿಪ್ ಬಿಡಬೇಕು?

ಗಡಿಯಾರಕ್ಕಿಂತ ಬಿಸಿಲನ್ನು ನೋಡಿ ಬಿಡುವುದು ಸರಿ. ಸೂರ್ಯೋದಯವಾಗಿ ಒಂದೆರಡು ಗಂಟೆಗೆ ಮೊದಲನೆಯದು, ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚೆ ಕೊನೆಯದು. ನಡುವೆ, ಕೊಟ್ಟ ದ್ರಾವಣದ ಶೇ 20ರಿಂದ 30 ಭಾಗ ಚೀಲದಿಂದ ಬಸಿದು ಬರುವಷ್ಟು. ಮೋಡ ಕವಿದ ದಿನವೂ ಬೇಸಿಗೆಯ ಟೈಮರನ್ನೇ ಮುಂದುವರಿಸಿದರೆ ಬಸಿದುಹೋಗುವುದು ಅರ್ಧಕ್ಕೇರುತ್ತದೆ, ಕೊಳವೆಬಾವಿಯಿಂದ ಎತ್ತಿದ ನೀರೂ ಗೊಬ್ಬರವೂ ಚರಂಡಿ ಸೇರುತ್ತವೆ.

ಇದರ ಜೊತೆಗೆ ಕಾಣುವ ಇನ್ನೊಂದು ಪೋಲು ಪಂಪಿನ ಗಾತ್ರದ್ದು. ಮನೆಯಲ್ಲಿ ಮೊದಲೇ ಇದ್ದ 5 ಎಚ್‌ಪಿ ಪಂಪಿಗೆ ಡ್ರಿಪ್ ಜೋಡಿಸಿ, ಹೆಚ್ಚಾದ ನೀರನ್ನು ಬೈಪಾಸ್ ವಾಲ್ವಿನಿಂದ ಮರಳಿ ತೊಟ್ಟಿಗೇ ಬಿಡುವ ವ್ಯವಸ್ಥೆ ಸಾಮಾನ್ಯವಾಗಿದೆ. ಒಂದು ಎಚ್‌ಪಿ ಮಾಡುವ ಕೆಲಸಕ್ಕೆ ಐದು ಎಚ್‌ಪಿ ಓಡುತ್ತದೆ, ಉಳಿದದ್ದು ತೊಟ್ಟಿಯ ದ್ರಾವಣವನ್ನು ಬಿಸಿ ಮಾಡುತ್ತದೆ.

ನಮ್ಮದು ಇಳಿಜಾರಿನ ಜಮೀನು. ಪಂಪಿಲ್ಲದೆ ಡ್ರಿಪ್ ಓಡಿಸಬಹುದೇ?

ಓಡಿಸಬಹುದು, ಕಾಫಿ ತೋಟದ ಬದಿಯ ಜಮೀನಿರುವವರು ಈ ಅನುಕೂಲವನ್ನು ಕೈಬಿಡಬಾರದು. ಹತ್ತು ಮೀಟರ್ ಎತ್ತರದಲ್ಲಿರುವ ತೊಟ್ಟಿ ಹೆಚ್ಚುಕಡಿಮೆ ಒಂದು ಕೆಜಿ ಒತ್ತಡ ಕೊಡುತ್ತದೆ. ಒತ್ತಡ ಸರಿದೂಗಿಸುವ ಡ್ರಿಪ್ಪರುಗಳಿಗೂ ಬಹುತೇಕ ಅಷ್ಟು ಸಾಕು. ತ್ರೀ ಫೇಸ್ ಬಂದಾಗ, ಅದು ನಡುರಾತ್ರಿಯೇ ಆಗಿರಲಿ, ಮೇಲಿನ ತೊಟ್ಟಿ ತುಂಬಲಿ. ಹಗಲು ಗುರುತ್ವವೇ ನೀರುಣಿಸಲಿ. ವಾಲ್ವು ತೆರೆದು ಮುಚ್ಚುವ ಟೈಮರು ಒಂದು ಸಣ್ಣ ಬ್ಯಾಟರಿಯಲ್ಲಿ ನಡೆಯುತ್ತದೆ. ಫಿಲ್ಟರು ಕಟ್ಟಿಕೊಂಡರೆ ಈ ಸಣ್ಣ ಒತ್ತಡವೂ ಅಲ್ಲೇ ಕರಗಿಹೋಗುವುದರಿಂದ ದಿನಕ್ಕೊಮ್ಮೆ ತೊಳೆಯಬೇಕು.

ಪಾಲಿಹೌಸಿನ ಮೇಲೆ ಬೀಳುವ ಮಳೆನೀರು ಹಿಡಿಯುವುದಕ್ಕೂ ಕರೆಂಟಿಗೂ ಏನು ಸಂಬಂಧ?

ನೇರ ಸಂಬಂಧವಿದೆ. ಹತ್ತು ಗುಂಟೆ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1000 ಲೀಟರ್. 700 ಮಿಲಿಮೀಟರ್ ಬಿದ್ದರೆ ಏಳು ಲಕ್ಷ ಲೀಟರ್, ದಿನಕ್ಕೆ 5000ದಂತೆ 140 ದಿನದ ಬಳಕೆ. ಅಷ್ಟನ್ನೂ ಹಿಡಿಯುವ ಹೊಂಡ ಎಲ್ಲರಿಗೂ ಆಗದಿರಬಹುದು, ಹಿಡಿದಷ್ಟು ಲಾಭ. ಕೊಳವೆಬಾವಿಯ ಆಳದಿಂದ ಎತ್ತುವುದು ತಪ್ಪುತ್ತದೆ. ಬಯಲುಸೀಮೆಯ ಗಡಸುನೀರಿಗೆ ಆರ್‌ಒ ಯಂತ್ರ ಹಾಕಿದವರಿಗೆ ಇನ್ನೂ ದೊಡ್ಡ ಉಳಿತಾಯ, ಏಕೆಂದರೆ ಆ ಯಂತ್ರ ವಿದ್ಯುತ್ತನ್ನೂ ತಿನ್ನುತ್ತದೆ, ಎತ್ತಿದ ನೀರಿನಲ್ಲಿ ಒಂದು ಪಾಲನ್ನು ಹೊರಗೂ ಚೆಲ್ಲುತ್ತದೆ. ಹೊಂಡದ ಮೇಲೆ ನೆರಳುಬಲೆ ಹೊದಿಸಿದರೆ ಪಾಚಿ ಕಟ್ಟುವುದಿಲ್ಲ.

ಬೇಸಿಗೆಯಲ್ಲಿ ದ್ರಾವಣ ಬಿಸಿಯಾಗಿ ಬೇರು ಕೊಳೆಯುತ್ತದೆ. ಚಿಲ್ಲರ್ ಹಾಕಿಸಲೇ?

ತೊಟ್ಟಿಯನ್ನು ನೆಲದಲ್ಲಿ ಹೂಳಿಸಿ ನೋಡಿ, ಚಿಲ್ಲರ್ ಆಮೇಲೆ ಯೋಚಿಸಬಹುದು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ 7.5 ಮಾತ್ರ, ನಮ್ಮ ಎತ್ತರದಲ್ಲಿ ಎರಡೂ ಸುಮಾರು ಶೇ 10ರಷ್ಟು ಕಡಿಮೆ. ಬೇರಿಗೆ ಉಸಿರು ಕಟ್ಟಿದಾಗಲೇ ಪಿಥಿಯಂ ಎಂಬ ಶಿಲೀಂಧ್ರದಂತಹ ರೋಗಾಣು ಮೇಲುಗೈ ಸಾಧಿಸುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಸಿಂಟೆಕ್ಸ್ ತೊಟ್ಟಿಯೇ ಈ ತೊಂದರೆಯ ಮೂಲ. ಎರಡು ಮೀಟರ್ ಆಳದ ಮಣ್ಣು ವರ್ಷವಿಡೀ ಊರಿನ ಸರಾಸರಿ ಉಷ್ಣಾಂಶದ ಹತ್ತಿರವೇ ಇರುತ್ತದೆ. ಹೂಳಲಾಗದಿದ್ದರೆ ಬಿಳಿಬಣ್ಣ ಬಳಿದು ನೆರಳು ಮಾಡಿ, ನೆಲದ ಮೇಲೆ ಹರಿದಾಡುವ ಕಪ್ಪು ಪೈಪನ್ನು ಅರ್ಧ ಅಡಿ ಮಣ್ಣಿನಲ್ಲಿ ಮುಚ್ಚಿ.

## ಮುಂದುವರಿದ ಪ್ರಶ್ನೆಗಳು

ಸೋಲಾರ್ ಹಾಕಿಸಿದರೆ ಎಲ್ಲವೂ ಪರಿಹಾರವಾಗುತ್ತದಲ್ಲವೇ?

ಮೊದಲು ಬಳಕೆಯನ್ನು ಇಳಿಸಿ, ಆಮೇಲೆ ಸೋಲಾರ್ ಲೆಕ್ಕ ಹಾಕಿ. ಹಿಂದುಮುಂದು ಮಾಡಿದರೆ ಪೋಲಾಗುವ ವಿದ್ಯುತ್ತಿಗೂ ಸೇರಿಸಿ ಪ್ಯಾನೆಲ್ ಕೊಂಡಂತಾಗುತ್ತದೆ. ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಮಲೆನಾಡಿನ ಮುಂಗಾರಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ನೀರೆತ್ತಲು ಸೋಲಾರ್ ಅತ್ಯಂತ ಸೂಕ್ತ, ಏಕೆಂದರೆ ಬ್ಯಾಟರಿಯ ಬದಲು ತೊಟ್ಟಿಯಲ್ಲಿ ನೀರನ್ನೇ ಕೂಡಿಡಬಹುದು. ಕೇಂದ್ರದ ಪಿಎಂ-ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಸಹಾಯಧನವೂ ಇದೆ. ಪ್ಯಾನೆಲನ್ನು ಪಾಲಿಹೌಸಿನ ಸೂರಿನ ಮೇಲೆ ಕೂರಿಸಬೇಡಿ, ಗಿಡದ ಬೆಳಕನ್ನೇ ಕದ್ದಂತಾಗುತ್ತದೆ. ಪ್ಯಾಕಿಂಗ್ ಶೆಡ್ಡಿನ ಮೇಲೆ ಹಾಕಿ.

ಮಳೆಗಾಲದ ಮಬ್ಬಿಗೆ ಎಲ್‌ಇಡಿ ದೀಪ ಹಾಕಿದರೆ ಇಳುವರಿ ಬರುತ್ತದೆಯೇ?

ಇಳುವರಿ ಹೆಚ್ಚುತ್ತದೆ, ಹಣ ಬರುವುದಿಲ್ಲ. ಗಿಡಕ್ಕೆ ನೆರವಾಗುವ ಕನಿಷ್ಠ ಮಟ್ಟದ, ಅಂದರೆ ಚದರ ಮೀಟರಿಗೆ ಸೆಕೆಂಡಿಗೆ 100 ಮೈಕ್ರೋಮೋಲ್ ಬೆಳಕನ್ನು ಒಳ್ಳೆಯ ಎಲ್‌ಇಡಿಯಿಂದ ಕೊಡಲು 33 ವ್ಯಾಟ್ ಬೇಕು. ಹತ್ತು ಗುಂಟೆಗೆ, ಹತ್ತು ಗಂಟೆಗೆ 330 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ದಿನಕ್ಕೆ 2300 ರೂಪಾಯಿ. ಟೊಮೆಟೊ ಕೆಜಿಗೆ 20 ರೂಪಾಯಿ ಸಿಕ್ಕರೆ ಕರೆಂಟಿನ ಖರ್ಚಿಗೇ ದಿನವೂ 115 ಕೆಜಿ ಹೆಚ್ಚುವರಿ ಹಣ್ಣು ಬರಬೇಕು. ಚದರ ಮೀಟರಿಗೆ ವರ್ಷಕ್ಕೆ 25 ಕೆಜಿ ಕೊಡುವ ಬಹಳ ಒಳ್ಳೆಯ ಬೆಳೆಯ ಒಟ್ಟು ಇಳುವರಿಯೇ ದಿನಕ್ಕೆ 68 ಕೆಜಿ ಚಿಲ್ಲರೆ. ಇದರ ಬದಲು ಬೆಳೆಯ ಕಾಲವನ್ನೇ ಹೊಂದಿಸಿಕೊಳ್ಳುವುದು ಸರಿ: ಮಲೆನಾಡಿನ ಕಡೆಯವರು ಜೂನ್-ಜುಲೈಯನ್ನು ಮನೆ ತೊಳೆಯಲು, ಸಸಿಮಡಿಗೆ ಬಿಟ್ಟುಕೊಟ್ಟು, ಆಗಸ್ಟ್ ಕೊನೆಗೆ ನಾಟಿ ಮಾಡಿದರೆ ಕೊಯ್ಲು ಬಿಸಿಲಿರುವ ತಿಂಗಳುಗಳಿಗೆ ಬರುತ್ತದೆ.

ಬಸಿದ ದ್ರಾವಣವನ್ನು ಮರಳಿ ಬಳಸಲು ರೋಗಾಣು ಕೊಲ್ಲುವ ಯುವಿ ದೀಪ ಬೇಕೇ ಬೇಕೇ?

ಸಣ್ಣ ತೋಟಕ್ಕೆ ನಿಧಾನ ಮರಳು ಸೋಸುಕ ಸಾಕು. ಚದರ ಮೀಟರಿಗೆ ಗಂಟೆಗೆ 100ರಿಂದ 300 ಲೀಟರಿನ ವೇಗದಲ್ಲಿ ನಿಧಾನವಾಗಿ ಇಳಿಯುವ ದ್ರಾವಣದ ರೋಗಾಣುಗಳನ್ನು ಮರಳಿನ ಮೇಲ್ಪದರದಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ತಡೆಯುತ್ತವೆ. ಹತ್ತು ಗುಂಟೆಯಿಂದ ದಿನಕ್ಕೆ ಬಸಿಯುವುದು ಸುಮಾರು 1250 ಲೀಟರ್, ಒಂದು ಚದರ ಮೀಟರಿನ ಸೋಸುಕ ಅದನ್ನು ಆರಾಮವಾಗಿ ಮುಗಿಸುತ್ತದೆ. ವೈರಸ್ ಕಾಣಿಸಿಕೊಂಡ ತೋಟಕ್ಕೆ ಮಾತ್ರ ಇದನ್ನು ನಂಬಬೇಡಿ. ಅಲ್ಲಿ ಬಸಿದದ್ದನ್ನು ಹೊರಗಿನ ಬೇರೆ ಬೆಳೆಗೆ ಬಿಡುವುದು ಸರಿ.

ನಾನು ಸರಿಯಾಗಿ ಉಳಿಸುತ್ತಿದ್ದೇನೆಯೇ ಎಂದು ತಿಳಿಯುವುದು ಹೇಗೆ?

ತಿಂಗಳ ಬಿಲ್ಲಿನಿಂದ ತಿಳಿಯದು. ಕೊಳವೆಬಾವಿ, ಡ್ರಿಪ್, ಫ್ಯಾನು ಈ ಮೂರಕ್ಕೂ ಬೇರೆ ಬೇರೆ ಸಣ್ಣ ಮೀಟರು ಕೂರಿಸಿ ವಾರಕ್ಕೊಮ್ಮೆ ಬರೆದಿಡಿ, ಪಕ್ಕದಲ್ಲಿ ಆ ವಾರ ಕೊಯ್ದ ಕೆಜಿಯನ್ನೂ ಬರೆಯಿರಿ. ಗಾಳಿಯಾಡುವ ಮನೆಯಲ್ಲಿ ದಿನಕ್ಕೆ 6 ಯೂನಿಟ್, ಬೆಳೆಯ 300 ದಿನಗಳಿಗೆ 1800 ಯೂನಿಟ್, ಇಳುವರಿ 12 ಟನ್ ಎಂದಿಟ್ಟುಕೊಂಡರೆ ಕೆಜಿಗೆ 0.15 ಯೂನಿಟ್. ಅದೇ ಬೆಳೆಗೆ 200 ದಿನ ಫ್ಯಾನು ಓಡಿಸಿ 18 ಟನ್ ತೆಗೆದರೂ ಕೆಜಿಗೆ 0.7 ಯೂನಿಟ್ ಸಮೀಪಿಸುತ್ತದೆ. ನಿಮ್ಮ ಅಂಕಿ ಬಿಸಿಲು ಹೆಚ್ಚಾಗದ ವಾರದಲ್ಲೂ ಮೇಲೇರಿದರೆ ಯಾವ ಮೀಟರು ಏರಿದೆಯೋ ಅಲ್ಲಿಗೆ ಹೋಗಿ: ಕೊಳವೆಬಾವಿಯದಾದರೆ ನೀರಿನ ಮಟ್ಟ ಇಳಿದಿದೆ ಅಥವಾ ಪೈಪು ಸೋರುತ್ತಿದೆ, ಡ್ರಿಪ್ಪಿನದಾದರೆ ಫಿಲ್ಟರು ಕಟ್ಟಿದೆ, ಫ್ಯಾನಿನದಾದರೆ ಬೆಲ್ಟು ಇಲ್ಲವೇ ಥರ್ಮೋಸ್ಟಾಟು. ಇವು ಯಾವುವೂ ಅಲ್ಲವೆಂದಾದರೆ ಆ ಬರಹದ ಪುಸ್ತಕದೊಡನೆ ಹಾಸನದವರು ಕಂದಲಿಯ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅಂಕಿಗಳಿದ್ದರೆ ತಜ್ಞರಿಗೂ ಕಾರಣ ಹುಡುಕುವುದು ಸುಲಭ.